ಹಿಮ್ಮಡಿ, ಹೆಬ್ಬೆರಳು ಮತ್ತು ಮಾಂಜ್ರಾ ಇಳಿಜಾರು

ಹೀಲ್-ಅಂಡ್-ಟೋ ಎಂಬ ಗೇರು ಇಳಿಸುವ ಪದ್ಧತಿಯ ಬಗ್ಗೆ ಬೀದರ್ ಕಡೆ ಎರಡು ಅಭಿಪ್ರಾಯಗಳು ಬೇರೂರಿವೆ. ಮೊಬೈಲಿನಲ್ಲಿ ರೇಸಿನ ತುಣುಕು ನೋಡುವ ಹುಡುಗರ ಪ್ರಕಾರ ಅದು ಬಂದವನೇ ಡ್ರೈವರು. ವರ್ಷಗಟ್ಟಲೆ ಗಾಡಿ ಹೊಡೆದು ಪಳಗಿದವರ ಪ್ರಕಾರ ಅದು ಸ್ಪೋರ್ಟ್ಸ್ ಕಾರಿನವರ ಶೋಕಿ. ಭಾಲ್ಕಿಗೋ ಔರಾದಿಗೋ ಹೋಗಿಬರುವವನಿಗೆ ಅದರ ಗರಜಿಲ್ಲ. ಇಬ್ಬರೂ ಕಾಲನ್ನೇ ನೋಡುತ್ತಿದ್ದಾರೆ. ಆ ಕಾಲು ಯಾವ ಕೆಲಸಕ್ಕಾಗಿ ಅಷ್ಟು ಕಷ್ಟಪಡುತ್ತಿದೆ ಎಂದು ಕೇಳಿದರೆ ಎರಡು ಅಭಿಪ್ರಾಯಗಳೂ ನಿಲ್ಲುವುದಿಲ್ಲ. ನನ್ನ ವಾದ ಇಷ್ಟು. ಆ ಕಾಲಿನ ವರಸೆ ನಮ್ಮ ರಸ್ತೆಗೆ ಬೇಡ, ನಮ್ಮ ಕಾರುಗಳ ಪೆಡಲಿಗೆ ಅದು ಹೊಂದುವುದೂ ಇಲ್ಲ. ಆದರೆ ಅದರೊಳಗೆ ಅಡಗಿರುವ ವಿದ್ಯೆ ಈ ಜಿಲ್ಲೆಯ ಪ್ರತಿಯೊಬ್ಬ ಲಾರಿ, ಕ್ರೂಸರ್, ಟ್ರ್ಯಾಕ್ಟರ್ ಚಾಲಕನಿಗೆ ಬೇಕು. ಒಂದು ಕಾಲಕ್ಕೆ ಅದು ಇಲ್ಲಿ ಇತ್ತು ಕೂಡ.

ಮೊದಲು ಕೆಲಸ ಏನೆಂದು ನೋಡೋಣ. ಮೂರನೇ ಗೇರಿನ ಅನುಪಾತ 1.3, ಎರಡನೆಯದು 1.9 ಇರುವ ಕಾರೊಂದನ್ನು ಇಟ್ಟುಕೊಳ್ಳಿ. ಮೂರರಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ. ಅದೇ ವೇಗದಲ್ಲಿ ಎರಡಕ್ಕೆ ಇಳಿಸಿದರೆ ಅದು ಸುಮಾರು 4,400 ಸುತ್ತು ತಿರುಗಬೇಕು. ಆದರೆ ಕ್ಲಚ್ ಒತ್ತಿ ಗೇರು ಬದಲಿಸುವಾಗ ಎಕ್ಸಿಲರೇಟರ್ ಬಿಟ್ಟಿರುತ್ತೇವೆ. ಎಂಜಿನ್ 3,000ದಿಂದಲೂ ಕೆಳಗಿಳಿಯುತ್ತಿರುತ್ತದೆ. ಏರಬೇಕಾದ ಹೊತ್ತಿನಲ್ಲಿ ಇಳಿಯುತ್ತಿದೆ. ಈ ಅಂತರವನ್ನು ಯಾರಾದರೂ ತುಂಬಲೇಬೇಕು. ಡ್ರೈವರ್ ತುಂಬದಿದ್ದರೆ ಕ್ಲಚ್ ಪ್ಲೇಟು ತನ್ನನ್ನು ತಾನು ಉಜ್ಜಿಕೊಂಡು ತುಂಬುತ್ತದೆ. ಆ ಗಳಿಗೆಯಲ್ಲಿ ಚಕ್ರಗಳು ಎಂಜಿನ್ನನ್ನು ಎಳೆದು ತಿರುಗಿಸಬೇಕು, ಗಾಡಿ ಮುಗ್ಗರಿಸುತ್ತದೆ. ಮೊದಲೇ ಬ್ರೇಕಿನಲ್ಲಿರುವ ಟೈರಿನ ಮೇಲೆ ಈ ಎಳೆತವೂ ಬಿದ್ದರೆ ಹಿಡಿತ ತಪ್ಪಬಹುದು. ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಹಿಂಭಾಗ ಅಡ್ಡ ಬೀಸುತ್ತದೆ.

ಇದನ್ನು ತಪ್ಪಿಸುವ ದಾರಿ ಸರಳ. ಕ್ಲಚ್ ಒತ್ತಿರುವಾಗಲೇ ಒಂದು ಸಣ್ಣ ರೇಸ್ ಕೊಟ್ಟು ಎಂಜಿನ್ನನ್ನು ಬೇಕಾದ ಸುತ್ತಿಗೆ ಏರಿಸುವುದು, ಆಮೇಲೆ ಕ್ಲಚ್ ಬಿಡುವುದು. ರೇಸ್ ಟ್ರ್ಯಾಕಿನಲ್ಲಿ ಮಾತ್ರ ಒಂದು ತೊಡಕಿದೆ. ತಿರುವಿಗೆ ಮುಂಚೆ ಕೊನೆಯ ಗಳಿಗೆಯವರೆಗೂ ಬ್ರೇಕಿನ ಮೇಲೇ ಇರಬೇಕು, ಎಡಗಾಲು ಕ್ಲಚ್ಚಿನಲ್ಲಿ ಸಿಕ್ಕಿದೆ, ರೇಸ್ ಕೊಡಲು ಕಾಲು ಉಳಿದಿಲ್ಲ. ಹಾಗಾಗಿ ಬಲಪಾದದ ಮುಂಭಾಗ ಬ್ರೇಕನ್ನು ಒತ್ತಿಹಿಡಿದಿರುವಾಗಲೇ ಹಿಮ್ಮಡಿಯೋ ಪಾದದ ಹೊರ ಅಂಚೋ ಎಕ್ಸಿಲರೇಟರನ್ನು ತಟ್ಟುತ್ತದೆ. ಮೂರು ಪೆಡಲು, ಎರಡು ಕಾಲು, ಸಮಯವಿಲ್ಲ: ಈ ಮೂರು ಒಟ್ಟಾದಲ್ಲಿ ಹುಟ್ಟಿದ ಉಪಾಯ ಅದು. ಸಮಯವಿದ್ದರೆ ಅದರ ಅಗತ್ಯವೇ ಇಲ್ಲ.

ಹುಡುಗರ ಭಕ್ತಿಗೆ ಮೂಲ ನನಗೆ ಅರ್ಥವಾಗುತ್ತದೆ. ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಹೋಂಡಾ ಎನ್‌ಎಸ್‌ಎಕ್ಸ್ ಓಡಿಸುವ ಹಳೆಯ ಚಿತ್ರೀಕರಣವೊಂದಿದೆ. ಕ್ಯಾಮೆರಾ ಅವನ ಪಾದಗಳನ್ನು ತೋರಿಸುತ್ತದೆ. ರೇಸಿನ ಬೂಟೂ ಅಲ್ಲ, ಸಾದಾ ಲೋಫರ್. ಒಮ್ಮೆ ನೋಡಿದವರು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಅದೇ ಕಾಲಕ್ಕೆ ರೇಸಿನ ಲೋಕ ಆ ವಿದ್ಯೆಯಿಂದ ದೂರ ಸರಿಯತೊಡಗಿತ್ತು. 1989ರಲ್ಲಿ ಫೆರಾರಿ ತನ್ನ ಫಾರ್ಮುಲಾ ಒನ್ ಕಾರಿಗೆ ಸ್ಟಿಯರಿಂಗ್ ಹಿಂದಿನ ಪಟ್ಟಿಗಳಿಂದ ಗೇರು ಬದಲಿಸುವ ವ್ಯವಸ್ಥೆ ತಂದಿತು. ಆ ಕಾರು ತನ್ನ ಮೊದಲ ರೇಸನ್ನೇ ಬ್ರೆಜಿಲ್‌ನಲ್ಲಿ ಗೆದ್ದಿತು. ಇಂದಿನ ಫಾರ್ಮುಲಾ ಒನ್ ಕಾರಿನಲ್ಲಿ ಕ್ಲಚ್ ಪೆಡಲೇ ಇಲ್ಲ. ಎಡಗಾಲು ಬ್ರೇಕಿಗೆ, ಬಲಗಾಲು ಎಕ್ಸಿಲರೇಟರಿಗೆ, ಸುತ್ತು ಹೊಂದಿಸುವ ಕೆಲಸ ಕಂಪ್ಯೂಟರಿಗೆ. ರಸ್ತೆಯ ಸ್ಪೋರ್ಟ್ಸ್ ಕಾರುಗಳಲ್ಲೂ ನಿಸ್ಸಾನ್ 370ಝಡ್ 2009ರ ಹೊತ್ತಿಗೇ ಮ್ಯಾನ್ಯುಯಲ್ ಗೇರಿನೊಂದಿಗೆ ತಾನೇ ರೇಸ್ ಕೊಟ್ಟುಕೊಳ್ಳುವ ಸೌಕರ್ಯ ತಂದಿತ್ತು. ರೇಸಿನವರು ಕೈಬಿಟ್ಟದ್ದನ್ನು ರೇಸಿನವರ ಗುರುತೆಂದು ಉದಗೀರ್ ರಸ್ತೆಯಲ್ಲಿ ಅಭ್ಯಾಸ ಮಾಡುವುದರಲ್ಲಿ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ಪೆಡಲುಗಳದು. ಈ ವಿಷಯದಲ್ಲಿ ಎಲ್ಲರೂ ಅಭ್ಯಾಸ, ಪ್ರತಿಭೆ ಎಂದು ಮಾತಾಡುತ್ತಾರೆ, ಪೆಡಲಿನ ಜೋಡಣೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಟ್ರ್ಯಾಕಿಗೆಂದು ಹೊಂದಿಸಿದ ಕಾರಿನಲ್ಲಿ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿ. ಜೋರಾಗಿ ಒತ್ತಿದಾಗ ಅದು ಸ್ವಲ್ಪವೇ ಇಳಿದು ಎಕ್ಸಿಲರೇಟರಿನ ಮಟ್ಟಕ್ಕೋ ಅದಕ್ಕಿಂತ ಕೂದಲಷ್ಟು ಮೇಲಕ್ಕೋ ಬಂದು ನಿಲ್ಲುತ್ತದೆ. ಎರಡರ ನಡುವಿನ ಸಂದು ಕಿರಿದು. ಎಕ್ಸಿಲರೇಟರ್ ನೆಲಕ್ಕೇ ಕೀಲು ಹೊಂದಿದ್ದರೆ ಪಾದ ಹೊರಳಿಸಿ ಅದರ ಯಾವ ಭಾಗವನ್ನಾದರೂ ತಟ್ಟಬಹುದು. ಪಾದ ಹೊರಳಿದರೂ ಬ್ರೇಕಿನ ಮೇಲಿನ ಒತ್ತಡ ಬದಲಾಗದಿರಲು ಇಷ್ಟೂ ಬೇಕು.

ನಾವು ಕೊಳ್ಳುವ ಸಾಮಾನ್ಯ ಕಾರಿನ ಲೆಕ್ಕವೇ ಬೇರೆ. ಅದರ ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಇದೆ, ಪೆಡಲು ಮೆತ್ತಗೆ. ರಸ್ತೆಯಲ್ಲಿ ನಾವು ಒತ್ತುವುದೂ ಹಗುರಾಗಿ. ಹಾಗೆ ಒತ್ತಿದಾಗ ಬ್ರೇಕ್ ಪೆಡಲು ಎಕ್ಸಿಲರೇಟರಿಗಿಂತ ಸಾಕಷ್ಟು ಎತ್ತರದಲ್ಲೇ ಉಳಿಯುತ್ತದೆ. ಈ ಎತ್ತರದ ವ್ಯತ್ಯಾಸ ತಯಾರಕರ ಅಜಾಗರೂಕತೆಯಿಂದ ಬಂದದ್ದೆಂದು ನಮ್ಮ ಹುಡುಗರು ಭಾವಿಸುತ್ತಾರೆ. ಅದು ಬೇಕೆಂದೇ ಬಿಟ್ಟದ್ದು. ಗಾಬರಿಯಲ್ಲಿ ಬ್ರೇಕ್ ಒತ್ತುವ ಕಾಲು ಜತೆಗೆ ಎಕ್ಸಿಲರೇಟರನ್ನೂ ಒತ್ತಿಬಿಡಬಾರದು ಎಂಬುದೇ ಅದರ ಉದ್ದೇಶ. ಅಂಥ ಕಾರಿನಲ್ಲಿ ಹೀಲ್-ಅಂಡ್-ಟೋ ಮಾಡಬೇಕಾದರೆ ಬ್ರೇಕನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತಿ ಕೆಳಗಿಳಿಸಬೇಕು, ಅಂದರೆ ಹಿಂದೆ ಬರುವ ಟಂಟಂನವನಿಗೆ ಸುಳಿವೇ ಕೊಡದೆ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಇಲ್ಲವೇ ಹಿಮ್ಮಡಿ ತಿರುಗಿಸುವ ಭರದಲ್ಲಿ ಬ್ರೇಕಿನ ಒತ್ತಡ ಸಡಿಲುತ್ತದೆ. ಎರಡೂ ಅಪಾಯವೇ.

ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ಅಲ್ಯುಮಿನಿಯಂ ಪೆಡಲ್ ಕವರುಗಳು ಸಿಗುತ್ತವೆ. ಎಕ್ಸಿಲರೇಟರಿಗೆ ದಪ್ಪ ಕವರು ಹಾಕಿ ಎತ್ತರಿಸಿದರೆ ಸಂದು ಕಡಿಮೆಯಾಗುತ್ತದೆ, ನಿಜ. ಜತೆಗೆ ತಯಾರಕರು ಇಟ್ಟಿದ್ದ ರಕ್ಷಣೆಯೂ ಕಡಿಮೆಯಾಗುತ್ತದೆ. ಬಿಗಿಯಾಗಿ ಕೂರದ ಕವರು ಜಾರಿ ಪಕ್ಕದ ಪೆಡಲಿನ ಅಡಿಗೆ ಸಿಕ್ಕಿಕೊಂಡರೆ ಏನಾದೀತೆಂದು ಹಾಕಿಸಿಕೊಳ್ಳುವವರು ಯೋಚಿಸಬೇಕು. ಪೆಡಲಿಗೆ ಅಡ್ಡ ಬರುವ ವಸ್ತು ಎಷ್ಟು ಸಣ್ಣದಿದ್ದರೂ ಸಣ್ಣದಲ್ಲ. 2009ರಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆದದ್ದು ಕಾಲಡಿಯ ಮ್ಯಾಟು ಎಕ್ಸಿಲರೇಟರನ್ನು ಹಿಡಿದಿಡುತ್ತದೆಂಬ ಕಾರಣಕ್ಕೆ. ಅದರ ನಂತರ ಬ್ರೇಕ್ ಒತ್ತಿದೊಡನೆ ಎಕ್ಸಿಲರೇಟರಿನ ಆಜ್ಞೆಯನ್ನು ತಳ್ಳಿಹಾಕುವ ವ್ಯವಸ್ಥೆ ಬಹಳಷ್ಟು ಕಾರುಗಳಿಗೆ ಬಂತು. ಅಂಥ ಕಾರಿನಲ್ಲಿ ಹಿಮ್ಮಡಿ ಎಷ್ಟೇ ಚೆಂದವಾಗಿ ತಟ್ಟಿದರೂ ಎಂಜಿನ್ ಕಿವಿಗೊಡದಿರಬಹುದು. ಮಳೆಗಾಲದಲ್ಲಿ ಒದ್ದೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಯವಾದ ಅಲ್ಯುಮಿನಿಯಂ ಮೇಲೆ ಕಾಲಿಡುವುದರ ಬಗ್ಗೆ ಬೇರೆ ಹೇಳಬೇಕಿಲ್ಲ.

ಪೆಡಲಿನ ಜೋಡಣೆ ಎಷ್ಟು ಗಂಭೀರ ವಿಷಯವೆಂಬುದಕ್ಕೆ ನಿದರ್ಶನ ಬೀದರಿನ ನೆತ್ತಿಯ ಮೇಲೇ ಹಾರುತ್ತದೆ. ಇಲ್ಲಿನ ವಾಯುಪಡೆ ನೆಲೆಗೆ 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಬಂದವು. ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಪಾದವನ್ನು ಮುಂದೆ ದೂಡಿದರೆ ರಡ್ಡರ್, ಪೆಡಲಿನ ಮೇಲ್ಭಾಗವನ್ನು ಬೆರಳ ಕಡೆಯಿಂದ ಒತ್ತಿದರೆ ಚಕ್ರದ ಬ್ರೇಕ್. ಒಂದೇ ಪಾದಕ್ಕೆ ಎರಡು ಕೆಲಸ. ಆದರೆ ಆ ಪೆಡಲನ್ನು ಅದಕ್ಕೆಂದೇ ರೂಪಿಸಲಾಗಿದೆ, ಹಾರಿಸುವವರ ಕಾಲಿನ ಉದ್ದಕ್ಕೆ ಹೊಂದಿಸಿಕೊಳ್ಳಲೂ ಬರುತ್ತದೆ. ಯಂತ್ರ ಒಪ್ಪದ ಕೆಲಸವನ್ನು ಪಾದದಿಂದ ಮಾಡಿಸಲು ಅಲ್ಲಿ ಯಾರೂ ಹೋಗುವುದಿಲ್ಲ.

ಹಾಗಾದರೆ ಹಿರಿಯರ ಮಾತೇ ಸರಿಯಾಯಿತಲ್ಲ ಎನ್ನಬಹುದು. ಇಲ್ಲ. ಅವರ ಮಾತಿನಲ್ಲಿ ಇನ್ನೂ ದೊಡ್ಡ ನಷ್ಟವಿದೆ.

"ಈಗಿನ ಗಾಡಿಗೆ ಸಿಂಕ್ರೋ ಅದ, ಗೇರ್ ತಾನ ಬೀಳ್ತದ, ರೇಸ್ ಕೊಟ್ಟು ಹಾಕೋದು ಹಳೀ ಕಾಲದ ಮಾತು" ಎನ್ನುತ್ತಾರೆ. ಸಿಂಕ್ರೋಮೆಶ್ ಮೊದಲು ಬಂದದ್ದು 1928ರ ಕ್ಯಾಡಿಲಾಕ್ ಕಾರಿನಲ್ಲಿ, ಅಂದಿನಿಂದ ಅದರ ಬಗ್ಗೆ ಈ ತಪ್ಪು ತಿಳಿವಳಿಕೆ ಇದೆ. ಸಿಂಕ್ರೋ ಹೊಂದಿಸುವುದು ಗೇರ್‌ಬಾಕ್ಸ್ ಒಳಗಿನ ಶಾಫ್ಟನ್ನೂ ಅದಕ್ಕೆ ಅಂಟಿದ ಕ್ಲಚ್ ಪ್ಲೇಟನ್ನೂ ಮಾತ್ರ. ಕ್ಲಚ್ಚಿನ ಆ ಕಡೆ ಇರುವ ಎಂಜಿನ್ ಅದಕ್ಕೆ ನಿಲುಕುವುದಿಲ್ಲ. ಗೇರು ಸದ್ದಿಲ್ಲದೆ ಬಿತ್ತೆಂದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಕ್ಲಚ್ ಬಿಡುವಾಗಿನ ಆ ಜರ್ಕಿನಲ್ಲಿ ಪ್ರಯಾಣಿಕರ ಕುತ್ತಿಗೆಗೂ ಕ್ಲಚ್ ಪ್ಲೇಟಿಗೂ ಟೈರಿಗೂ ಸೇರಿ ಹಂಚಿಹೋಗುತ್ತದೆ. ಸಿಂಕ್ರೋ ಇದ್ದರೂ ರೇಸ್ ಕೊಟ್ಟು ಗೇರು ಇಳಿಸುವುದು ಅದಕ್ಕೇ ಬೇಕು.

ಸಿಂಕ್ರೋ ಇಲ್ಲದ ದಿನಗಳಲ್ಲಿ ಅದು ಬರದವನು ಗಾಡಿ ಓಡಿಸುವಂತೆಯೇ ಇರಲಿಲ್ಲ. ಬೀದರ್ ಮೊದಲು ಹೈದರಾಬಾದ್ ಸಂಸ್ಥಾನಕ್ಕೆ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ಸರಕಾರಿ ಬಸ್ ಸಂಚಾರ ಶುರು ಮಾಡಿತು. ಆ ಕಾಲದ ಭಾರೀ ಗಾಡಿಗಳಲ್ಲಿ ಸಿಂಕ್ರೋ ಇರಲಿಲ್ಲ. ಗೇರು ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಟ್ಟು ರೇಸ್ ಕೊಡಬೇಕು, ಎಂಜಿನ್ನಿನ ದನಿ ಸರಿಯಾದ ಮಟ್ಟಕ್ಕೆ ಏರಿದ್ದನ್ನು ಕಿವಿಯಿಂದ ಹಿಡಿದು ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಡಬಲ್ ಕ್ಲಚ್ ಎಂದರೆ ಇದು. ತಪ್ಪಿದರೆ ಹಲ್ಲು ಕಡಿಯುವ ಆ ಸದ್ದು ಇಡೀ ಬಸ್ಸಿಗೆ ಕೇಳುತ್ತಿತ್ತು. ನಮ್ಮ ಕಡೆ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದ ಹುಡುಗ ಉಸ್ತಾದನ ಪಕ್ಕ ಕೂತು ಮೊದಲು ಕಲಿಯುತ್ತಿದ್ದದ್ದೇ ಎಂಜಿನ್ನಿನ ದನಿ ಕೇಳುವುದನ್ನು. ಟ್ಯಾಕೋಮೀಟರ್ ಇಲ್ಲದ ಗಾಡಿಯಲ್ಲಿ ಅವನ ಕಿವಿಯೇ ಟ್ಯಾಕೋಮೀಟರ್. ಇಂದು ಸ್ಪೋರ್ಟ್ಸ್ ಕಾರಿನ ವಿದ್ಯೆ ಎಂದು ನಾವು ಯಾವುದನ್ನು ದೂರ ಇಡುತ್ತಿದ್ದೇವೋ ಅದರ ತಿರುಳು ನಮ್ಮ ಬಸ್ಸು ಲಾರಿಗಳ ಡ್ರೈವರುಗಳ ದಿನನಿತ್ಯದ ಅನ್ನವಾಗಿತ್ತು. ಸಿಂಕ್ರೋ ಬಂದಮೇಲೆ ಆ ಕಿವಿ ಹೋಯಿತು. ಅದರ ಜಾಗಕ್ಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಉರುಳುವ ಅಭ್ಯಾಸ ಬಂತು.

ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಅಲ್ಲಿಂದ ಔರಾದ್ ಕಡೆಗೆ ಹೊರಟರೆ ಜನವಾಡದತ್ತ ಇಳಿಯಬೇಕು, ಮುಂದೆ ಕೌಠಾದ ಹತ್ತಿರ ಮಾಂಜ್ರಾ ನದಿ ದಾಟಿ ಸಂತಪುರದ ಮೇಲೆ ಹೋಗಬೇಕು. ಭಾಲ್ಕಿ ಕಡೆಗೂ ಇಳಿತವೇ. ಆಗುಂಬೆ, ಚಾರ್ಮಾಡಿಯಂಥ ಘಾಟು ಇದಲ್ಲ, ಅದಕ್ಕೇ ಯಾರೂ ಇದನ್ನು ಇಳಿಜಾರು ಎಂದು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಲೆಕ್ಕ ಹಾಕಿ ನೋಡಿ: 16 ಟನ್ ತೂಕದ ಲಾರಿ ನೂರು ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಲ್ಲದು. ಗಾಳಿಯ ತಡೆಗೆ, ಟೈರಿನ ತಡೆಗೆ ಒಂದಷ್ಟು ಹೋಗುತ್ತದೆ. ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಉಳಿದದ್ದೆಲ್ಲ ಬ್ರೇಕ್ ಡ್ರಮ್ಮುಗಳಿಗೆ. ಕಾದ ಡ್ರಮ್ಮು ಹಿಗ್ಗುತ್ತದೆ, ಲೈನರಿನ ಹಿಡಿತ ಇಳಿಯುತ್ತದೆ, ಪೆಡಲು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ಅದು "ಬ್ರೇಕ್ ಫೇಲ್" ಎಂದು ಬರುತ್ತದೆ. ಬ್ರೇಕಿಗೆ ಅದರ ಪಾಲಿನದಲ್ಲದ ಕೆಲಸ ಹೊರಿಸಿದ್ದು ವರದಿಯಲ್ಲಿ ಬರುವುದಿಲ್ಲ.

ನ್ಯೂಟ್ರಲ್ ಹಾಕುವವರ ಸಮರ್ಥನೆ ಡೀಸೆಲ್ ಉಳಿತಾಯ. ಇದು ಪೂರ್ತಿ ಸುಳ್ಳಲ್ಲ, ಹಾಗಾಗಿಯೇ ಇಷ್ಟು ಗಟ್ಟಿಯಾಗಿ ಬದುಕಿದೆ. ಸಣ್ಣ ಇಳಿತದಲ್ಲಿ ನ್ಯೂಟ್ರಲ್ ಗಾಡಿ ಇನ್ನಷ್ಟು ದೂರ ಉರುಳುತ್ತದೆ, ಅಷ್ಟರ ಮಟ್ಟಿಗೆ ಲಾಭವಿದೆ. ಆದರೆ ಬ್ರೇಕ್ ಒತ್ತಬೇಕಾದ ಇಳಿಜಾರಿನಲ್ಲಿ ಈ ವಾದ ಬೀಳುತ್ತದೆ. ಗೇರಿನಲ್ಲಿಟ್ಟು ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಇಂಜೆಕ್ಷನ್ ಎಂಜಿನ್ ಇಂಧನವನ್ನೇ ನಿಲ್ಲಿಸುತ್ತದೆ. ಹಳೆಯ ಡೀಸೆಲ್ ಪಂಪಿನ ಗವರ್ನರ್ ಕೂಡ ಹಾಗೇ ಮಾಡುತ್ತಿತ್ತು. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಸುಡಲೇಬೇಕು. ಉರುಳಿ ಉಳಿಸಬೇಕೆಂದಿದ್ದದ್ದನ್ನು ಬ್ರೇಕಿನಲ್ಲಿ ಸುಟ್ಟು ಕಳೆದು, ಮೇಲೆ ಡೀಸೆಲನ್ನೂ ಸುಟ್ಟಂತಾಯಿತು. ಲಾರಿಯ ಎಕ್ಸಾಸ್ಟ್ ಬ್ರೇಕೂ ಗೇರಿನಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ನನ್ನೇ ಬಂದ್ ಮಾಡಿ ಇಳಿಯುವವರ ಏರ್ ಕಂಪ್ರೆಸರೂ ನಿಲ್ಲುತ್ತದೆ, ಪವರ್ ಸ್ಟಿಯರಿಂಗೂ ಹೋಗುತ್ತದೆ.

ರೇಸ್ ಕೊಟ್ಟು ಗೇರು ಇಳಿಸುವ ವಿದ್ಯೆಯ ಬೆಲೆ ತಿಳಿಯುವುದು ಇಲ್ಲಿ. ನ್ಯೂಟ್ರಲ್‌ನಲ್ಲಿ ಇಳಿಯುತ್ತಿರುವ ಗಾಡಿ ವೇಗ ಹಿಡಿಯಿತು, ಬ್ರೇಕ್ ಸೋಲುತ್ತಿದೆ. ಈಗ ಉಳಿದಿರುವ ಒಂದೇ ದಾರಿ ಮತ್ತೆ ಗೇರಿಗೆ ಬರುವುದು. ಆದರೆ ಆ ವೇಗಕ್ಕೆ ತಕ್ಕ ಸುತ್ತಿಗೆ ಎಂಜಿನ್ನನ್ನು ಏರಿಸದೆ ಗೇರು ಬೀಳುವುದಿಲ್ಲ. ಸಿಂಕ್ರೋ ಇದ್ದರೂ ಅದಕ್ಕೊಂದು ಮಿತಿ ಇದೆ. ಗಾಬರಿಯಾದ ಡ್ರೈವರ್ ಲಿವರನ್ನು ತಳ್ಳುತ್ತಾನೆ, ಅದು ಕಿರುಗುಟ್ಟುತ್ತದೆ. ಡಬಲ್ ಕ್ಲಚ್ ಬಲ್ಲವನು ಒಂದು ರೇಸ್ ಕೊಟ್ಟು ಗೇರಿಗೆ ಬಂದಾನು. ಅದು ಬರದವನ ಕೈಯಲ್ಲಿ ಆಗ ಏನೂ ಇರುವುದಿಲ್ಲ.

ಟ್ರ್ಯಾಕ್ಟರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ ತಾಲೂಕಿನ ಹುಣಜಿಯ ಕಾರ್ಖಾನೆಯತ್ತ ಎರಡೆರಡು ಟ್ರಾಲಿ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ನೋಡಿ. ಸಾಮಾನ್ಯವಾಗಿ ಟ್ರಾಲಿಗೆ ಬ್ರೇಕಿರುವುದಿಲ್ಲ. ಟ್ರ್ಯಾಕ್ಟರಿನ ಎಷ್ಟೋ ಗೇರ್‌ಬಾಕ್ಸುಗಳಲ್ಲಿ ಸಿಂಕ್ರೋ ಇಲ್ಲ, ಓಡುತ್ತಿರುವಾಗ ತಪ್ಪಿದ ಗೇರು ಸುಲಭಕ್ಕೆ ಮರಳುವುದಿಲ್ಲ. ಇಳಿಜಾರಿನ ನಡುವೆ ಒಮ್ಮೆ ಕ್ಲಚ್ ಒತ್ತಿದರೆ ಸಾಕು, ಎಂಜಿನ್ನಿನ ಹಿಡಿತ ಹೋಗಿ ಹಿಂದಿನ ಕಬ್ಬಿನ ಭಾರ ಇಡೀ ಟ್ರ್ಯಾಕ್ಟರನ್ನು ದೂಡತೊಡಗುತ್ತದೆ. ಅದರ ಎರಡು ಬ್ರೇಕ್ ಪೆಡಲುಗಳು ಎಡ ಬಲದ ಹಿಂಚಕ್ರಗಳಿಗೆ ಬೇರೆ ಬೇರೆ. ಹೊಲದಲ್ಲಿ ತಿರುಗಿಸಲು ಅದು ವರ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸುವ ಚಿಲಕ ಹಾಕದಿದ್ದರೆ ಅವಸರದಲ್ಲಿ ಒಂದನ್ನೇ ಒತ್ತಿದ ಕಾಲು ಗಾಡಿಯನ್ನು ಅಡ್ಡ ತಿರುಗಿಸಿಬಿಡುತ್ತದೆ. ಪೆಡಲ್ ಜೋಡಣೆಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರಾದರೂ ನಿಜವಾಗಿ ಚರ್ಚಿಸಬೇಕಾದ್ದು ಈ ಚಿಲಕವನ್ನು. ಇನ್ನೊಂದು ವಿಶೇಷವಿದೆ: ಟ್ರ್ಯಾಕ್ಟರಿಗೆ ಕೈ ಎಕ್ಸಿಲರೇಟರ್ ಇದೆ. ಎಡಗಾಲು ಕ್ಲಚ್ಚಿಗೆ, ಬಲಗಾಲು ಬ್ರೇಕಿಗೆ, ಸುತ್ತು ಏರಿಸಲು ಕೈ. ಸ್ಪೋರ್ಟ್ಸ್ ಕಾರಿನವರು ಹಿಮ್ಮಡಿ ತಿರುಚಿ ಸಾಧಿಸುವುದಕ್ಕೆ ಬೇಕಾದ ಸಲಕರಣೆ ರೈತನ ಕೈಯಳತೆಯಲ್ಲೇ ಇದೆ. ಆದರೂ ಇಳಿಜಾರಿಗೆ ಮುಂಚೆಯೇ ಸಣ್ಣ ಗೇರಿಗೆ ಬಂದು, ತಳ ಮುಟ್ಟುವವರೆಗೆ ಕ್ಲಚ್ ಮುಟ್ಟದಿರುವುದೇ ಅವನಿಗೆ ಕ್ಷೇಮ.

ಕಾರಿನವರಿಗೂ, ಕ್ರೂಸರಿನವರಿಗೂ ಕ್ರಮ ಕಷ್ಟದ್ದಲ್ಲ. ಬ್ರೇಕ್ ಹಾಕಿ ವೇಗ ಇಳಿಸಿ, ಬ್ರೇಕ್ ಬಿಡಿ, ಕ್ಲಚ್ ಒತ್ತಿ ಕೆಳಗಿನ ಗೇರು ಹಾಕುವಾಗ ಬಲಗಾಲಿನಿಂದ ಒಂದು ರೇಸ್ ಕೊಡಿ, ಕ್ಲಚ್ ಬಿಡಿ. ಒಂದಾದ ಮೇಲೊಂದು. ಹಿಮ್ಮಡಿ ತಿರುಗಿಸಬೇಕಿಲ್ಲ, ಪೆಡಲು ಬದಲಿಸಬೇಕಿಲ್ಲ. ಭಾಲ್ಕಿ ಔರಾದ್ ಕಡೆಯ ಎರೆ ಭೂಮಿಯಲ್ಲಿ ಮಳೆ ಬಿದ್ದಾಗ ಟ್ರ್ಯಾಕ್ಟರುಗಳು ಹೊಲದ ಮಣ್ಣನ್ನು ಚಕ್ರದಲ್ಲಿ ಹೊತ್ತು ಡಾಂಬರಿನ ಮೇಲೆ ಬಳಿದಿರುತ್ತವೆ. ಹಿಂಚಕ್ರ ಎಳೆಯುವ ಕ್ರೂಸರು ಹತ್ತು ಹದಿನೈದು ಜನರನ್ನು ತುಂಬಿಕೊಂಡು ಆ ಲೋಳೆಯ ಮೇಲೆ ರೇಸ್ ಕೊಡದೆ ಗೇರು ಇಳಿಸಿ ಕ್ಲಚ್ ಬಿಟ್ಟಾಗ ಹಿಂಭಾಗ ಹೇಗೆ ಬೀಸುತ್ತದೆಂದು ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು.

ಇದನ್ನು ಕಲಿಸುವುದು ಯಾರ ಕೆಲಸ ಎಂಬುದಕ್ಕೂ ಉತ್ತರವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮ ಚಾಲನಾ ಪರೀಕ್ಷೆಯಲ್ಲಿ ನೋಡಬೇಕಾದ ಸಾಮರ್ಥ್ಯಗಳನ್ನು ಪಟ್ಟಿ ಮಾಡುತ್ತದೆ. ಇಳಿಜಾರಿನಲ್ಲಿ ಓಡಿಸುವಾಗ ಬೇಗನೆ ಕೆಳಗಿನ ಗೇರಿಗೆ ಬದಲಿಸಬಲ್ಲನೇ ಎಂಬುದು ಅದರಲ್ಲಿದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಮತ್ತೆ ಹೊರಡಬಲ್ಲನೇ ಎಂಬುದೂ ಇದೆ. ಲೈಸೆನ್ಸ್ ಪರೀಕ್ಷೆ ಎಂದೊಡನೆ ಜನರ ಮನಸ್ಸಿಗೆ ಬರುವುದು ಮಾತ್ರ ಸಮತಟ್ಟು ಮೈದಾನದಲ್ಲಿ ಎಂಟು ಹೊಡೆಯುವುದು. ಸಮತಟ್ಟು ನೆಲದಲ್ಲಿ ಇಳಿಜಾರಿನ ಗೇರನ್ನು ಯಾರೂ ಪರೀಕ್ಷಿಸಲಾರರು, ಡ್ರೈವಿಂಗ್ ಸ್ಕೂಲಿನವರೂ ಪರೀಕ್ಷೆಗೆ ಬಾರದ್ದನ್ನು ಕಲಿಸುವುದಿಲ್ಲ. ಬೀದರಿನಲ್ಲಿ ಇದಕ್ಕೆ ಹೊಸ ಟ್ರ್ಯಾಕ್ ಕಟ್ಟಬೇಕಾಗಿಲ್ಲ. ಊರು ಬಿಟ್ಟು ಜನವಾಡದತ್ತ ಇಳಿಯುವ ರಸ್ತೆ ಇದೆ. ಭಾರೀ ವಾಹನದ ಲೈಸೆನ್ಸ್ ಕೇಳುವ ಪ್ರತಿಯೊಬ್ಬನನ್ನೂ ಅಲ್ಲಿಗೆ ಕರೆದೊಯ್ಯಬೇಕು, ಭಾರ ಹೇರಿದ ಗಾಡಿಯಲ್ಲಿ. ಇಳಿತ ಶುರುವಾಗುವ ಮುಂಚೆ ಅವನು ಗೇರು ಇಳಿಸಿದನೇ, ಇಳಿಸುವಾಗ ರೇಸ್ ಕೊಟ್ಟನೇ, ತಳ ತಲುಪುವವರೆಗೆ ಬ್ರೇಕ್ ಎಷ್ಟು ಸಲ ಮುಟ್ಟಿದ ಎಂಬ ಮೂರನ್ನು ಇನ್‌ಸ್ಪೆಕ್ಟರು ಬರೆದುಕೊಳ್ಳಬೇಕು. ಲಿವರ್ ನ್ಯೂಟ್ರಲ್‌ಗೆ ಹೋದರೆ ಪರೀಕ್ಷೆ ಅಲ್ಲಿಗೇ ಮುಗಿಯಬೇಕು.